ಕಲ್ಲಿನ ಬುಡದ ಇದ್ದಿಲು

ಹಾರೆ ಇನ್ನೂ ನೆಲಕ್ಕೆ ತಾಗಿರಲಿಲ್ಲ. ಅಷ್ಟರಲ್ಲಿ ಬಿಳಿ ಕಾರೊಂದು ದೂಳೆಬ್ಬಿಸಿಕೊಂಡು ಬಂದು ಗೋಮಾಳದ ಅಂಚಿನಲ್ಲಿ ನಿಂತಿತು.

ಪ್ರದ್ಯುಮ್ನ ಇಳಿದ. ಗುಬ್ಬಿಯಿಂದ ಕುಣಿಗಲ್‌ಗೆ ಹೊಸ ರಸ್ತೆ ಕಟ್ಟುವ ಗುತ್ತಿಗೆ ಹಿಡಿದ ಕಂಪನಿಯಲ್ಲಿ ಜಮೀನಿನ ಕೆಲಸವೆಲ್ಲ ಅವನ ಕೈಯಲ್ಲಿತ್ತು. ಇಸ್ತ್ರಿ ಕೆಡದ ಅಂಗಿ, ಕೆಸರು ಕಾಣದ ಬೂಟು. ಅವನ ಹಿಂದೆ ಪಕ್ಕದ ತೆಂಗಿನ ತೋಟದ ಮಾಲೀಕ ಅಪ್ಪಾಜಿ, ಎರಡೂ ಕೈಯಲ್ಲಿ ಎಳನೀರು ಹಿಡಿದು ಬಂದ.

“ಸರ್ವೇ ಗುರುತು ಅಗೆಯೋದು ಅಪರಾಧ ಮೇಡಂ,” ಎಂದ ಪ್ರದ್ಯುಮ್ನ. “ಲಾಯರಿಗೆ ನಾನು ಹೇಳಿಕೊಡ್ಬೇಕಾ?”

ಬ್ಯಾಂಕುಗಳ ಪರ ವಕೀಲೆ ಸಂಧ್ಯಾ ಫೈಲಿನಿಂದ ಒಂದು ಹಾಳೆ ತೆಗೆದು ಅವನ ಮುಂದೆ ಹಿಡಿದಳು. ತಹಶೀಲ್ದಾರರ ಪತ್ರ. ತಾಲ್ಲೂಕು ಸರ್ವೇಯರ್ ಎದುರಿನಲ್ಲಿ ಅಗೆದು ನೋಡಿ ಮಹಜರು ಬರೆಯಬಹುದು ಎಂದಿತ್ತು. ಎರಡು ದಿನ ಕಚೇರಿಯ ಬೆಂಚು ಕಾದು ಪಡೆದ ಪತ್ರ ಅದು. ಪ್ರದ್ಯುಮ್ನ ಎರಡು ಸಲ ಓದಿ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ವಾಪಸು ಕೊಟ್ಟ.

“ಮೊದ್ಲು ಎಳನೀರು ಕುಡೀರಿ ಮೇಡಂ,” ಎಂದ ಅಪ್ಪಾಜಿ. “ಕಲ್ಲೇನು ಎಲ್ಗೂ ಓಡೋಗಲ್ಲ.”

“ಓಡೋಗಿದೆ ಅಂತ ನೀವೇ ತಾನೇ ಕಂಪ್ಲೇಂಟ್ ಕೊಟ್ಟಿರೋದು,” ಎಂದಳು ಸಂಧ್ಯಾ.

ಈ ರಸ್ತೆಯ ಅಳತೆ ಮಾಡಿದ ಸರ್ವೇಯರ್ ಸಿದ್ದಗಂಗಯ್ಯ ಜೈಲಿಗೆ ಹೋಗಿ ಅಂದಿಗೆ ಹನ್ನೆರಡು ದಿನ. ಸರ್ಕಾರಿ ಗೋಮಾಳದ ಮೇಲೆ ಹೋಗಬೇಕಿದ್ದ ರಸ್ತೆಯ ಗೆರೆಯನ್ನು ಅರವತ್ತು ಮೀಟರ್ ಬಗ್ಗಿಸಿ ಅಪ್ಪಾಜಿಯ ತೋಟದೊಳಗೆ ಕಲ್ಲು ನೆಟ್ಟರು, ಆಮೇಲೆ ಪರಿಹಾರದಲ್ಲಿ ಅರ್ಧ ಪಾಲು ಕೇಳಿದರು ಎಂಬುದು ಅವನ ದೂರು. ಮಧ್ಯಾಹ್ನ ಮೂರಕ್ಕೆ ತುಮಕೂರು ಕೋರ್ಟಿನಲ್ಲಿ ಜಾಮೀನು ಅರ್ಜಿ. ಈಗ ಹತ್ತೂವರೆ.

ಸಿದ್ದಗಂಗಯ್ಯನವರ ವಿರುದ್ಧ ಪೊಲೀಸರ ಬಳಿ ಇದ್ದದ್ದು ಎರಡೇ ಕಾಗದ. ಒಂದು, ಮಾರ್ಚ್ ಆರರ ತಾರೀಖಿನ, ಅವರ ಸಹಿ ಇರುವ ನಕ್ಷೆ. ಅದರಲ್ಲಿ ಗೆರೆ ತೋಟದೊಳಗಿತ್ತು. ಇನ್ನೊಂದು, ಅದೇ ಮಾರ್ಚ್ ಕೊನೆಗೆ, ರಸ್ತೆಗೆ ಸಾಲ ಕೊಡಬೇಕಿದ್ದ ಬ್ಯಾಂಕುಗಳಿಗೆ ಹೋದ ವಕೀಲರ ವರದಿ. ‘ಸ್ಥಳ ಪರಿಶೀಲಿಸಲಾಗಿದೆ. ನಕ್ಷೆಯಂತೆ ಕಲ್ಲುಗಳು ಸ್ಥಳದಲ್ಲಿವೆ’ ಎಂದು ಅದರಲ್ಲಿ ಬರೆದಿತ್ತು.

ಆ ಎರಡು ಸಾಲು ಬರೆದವಳು ಸಂಧ್ಯಾ. ಸ್ಥಳ ಅವಳು ನೋಡಿರಲಿಲ್ಲ.

ಯಾರೂ ನೋಡುವುದಿಲ್ಲ. ಆ ಸಾಲು ನಮೂನೆಯಲ್ಲೇ ಅಚ್ಚಾಗಿ ಬರುತ್ತದೆ. ಸರ್ವೆ ನಂಬರ್ ತುಂಬಿ, ಸಹಿ ಹಾಕಿ, ಮುಂದಿನ ಫೈಲು ಎತ್ತಿಕೊಳ್ಳುವುದು ಆಫೀಸಿನ ರೂಢಿ. ಆದರೆ ಆ ರೂಢಿಯ ಸಾಲನ್ನು ಹಿಡಿದು ಪೊಲೀಸರು ಒಬ್ಬ ಮನುಷ್ಯನನ್ನು ಒಳಗೆ ಹಾಕಿದ್ದರು. ಸಿದ್ದಗಂಗಯ್ಯ ಅಳತೆ ಮಾಡಿದ ಮಾರ್ಚ್‌ನಲ್ಲೇ ಕಲ್ಲು ತೋಟದಲ್ಲಿತ್ತು, ವಕೀಲರೇ ಕಂಡಿದ್ದಾರೆ ಎಂಬುದು ಅವರ ವಾದ.

“ಶುರು ಮಾಡಿ,” ಎಂದಳು.

ಹಾರೆ ಹಿಡಿದವನು ಚಿಕ್ಕಹನುಮಯ್ಯ. ಸರ್ವೆ ಇಲಾಖೆಯಲ್ಲಿ ಗಡಿ ಕಲ್ಲು ನೆಡುವ ಬಾಂದು ಜವಾನನಾಗಿ ಮೂವತ್ತು ವರ್ಷ ಸರಪಳಿ ಎಳೆದು, ಕಲ್ಲು ಹೊತ್ತು, ನಿವೃತ್ತನಾದ ಮೇಲೂ ಸಿದ್ದಗಂಗಯ್ಯನವರ ಜೊತೆ ಕೆಲಸಕ್ಕೆ ಹೋಗುತ್ತಿದ್ದವನು. ತಾಲ್ಲೂಕು ಸರ್ವೇಯರ್ ರಮ್ಯಶ್ರೀ ಉಪಗ್ರಹದ ಲೆಕ್ಕ ತೋರಿಸುವ ಯಂತ್ರದ ಕೋಲನ್ನು ಹಿಡಿದು ಹುಲ್ಲಿನ ಮೇಲೆ ಹಿಂದೆ ಮುಂದೆ ನಡೆದು, ಒಂದು ಕಡೆ ಸುಣ್ಣದ ಚುಕ್ಕೆ ಇಟ್ಟಳು. ಗೆರೆ ಗೋಮಾಳದ ಮೇಲಿದ್ದ, ಸಿದ್ದಗಂಗಯ್ಯನವರ ಫೆಬ್ರುವರಿಯ ಮೊದಲ ನಕ್ಷೆಯ ಪ್ರಕಾರ ಆರನೇ ಕಲ್ಲು ಇರಬೇಕಾದ ಜಾಗ ಅದು. ಈಗ ಅಲ್ಲಿ ಕಲ್ಲೂ ಇರಲಿಲ್ಲ, ಗುಂಡಿಯೂ ಇರಲಿಲ್ಲ. ದನ ಮೇಯ್ದ ಹುಲ್ಲಿತ್ತು.

ಮೊದಲ ನಕ್ಷೆ ಬರೀ ಕರಡು, ಅದರಂತೆ ನೆಲದ ಮೇಲೆ ಕಲ್ಲು ನೆಟ್ಟೇ ಇಲ್ಲ ಎಂದು ಕಂಪನಿ ಪೊಲೀಸರಿಗೆ ಬರೆದುಕೊಟ್ಟಿತ್ತು.

ಚಿಕ್ಕಹನುಮಯ್ಯ ಮೊಣಕಾಲುದ್ದ ಅಗೆದ. ಕೆಂಪು ಮಣ್ಣು ಬಂತು, ಕೆಳಗೆ ಸಡಿಲ ಮಣ್ಣು ಬಂತು. ಆಮೇಲೆ ಹಾರೆ ಬದಿಗಿಟ್ಟು ಕೈಯಲ್ಲೇ ಬಗೆದ. ಅಂಗೈ ಮೇಲೆತ್ತಿದಾಗ ಅದರ ತುಂಬ ಕರಿ ತುಂಡುಗಳಿದ್ದವು.

“ಇದ್ಲು,” ಎಂದ. “ಜಾಲಿ ಇದ್ಲು. ಒಂದು ಬೊಗಸೆ ಇದ್ಲು ಹಾಕ್ದೆ ಸಿದ್ದಗಂಗಣ್ಣ ಕಲ್ಲು ನೆಟ್ಟಿದ್ದೇ ಇಲ್ಲ ಕಣವ್ವ. ಇದ್ಲು ಕೊಳೆಯಲ್ಲ, ಗೆದ್ಲು ಮುಟ್ಟಲ್ಲ. ಕಲ್ಲು ಕದಿಯೋನು ಕಲ್ಲು ಹೊತ್ಕೊಂಡು ಹೋಯ್ತಾನೆ. ಇದ್ಲು ಆಯ್ಕೊಂಡು ಕುತ್ಕೊಳಲ್ಲ.”

ರಮ್ಯಶ್ರೀ ಗುಂಡಿಯ ಆಳ ಅಳೆದು ಬರೆದುಕೊಂಡಳು. ಏಳನೇ ಕಲ್ಲಿನ ಜಾಗದಲ್ಲೂ ಇದ್ದಿಲು ಸಿಕ್ಕಿತು. ಎಂಟನೆಯದರಲ್ಲೂ. ಹಳೇ ಕಾಲದ ಮೋಜಣಿದಾರರ ಪದ್ಧತಿ ಇದೆಂದು ತನಗೆ ತರಬೇತಿಯಲ್ಲಿ ಹೇಳಿದ್ದರು, ಕಣ್ಣಾರೆ ಕಂಡದ್ದು ಇವತ್ತೇ ಎಂದು ಆ ಹುಡುಗಿ ಮೆಲ್ಲಗೆ ಹೇಳಿದಳು.

ಪ್ರದ್ಯುಮ್ನನಿಗೆ ಗಾಬರಿಯಾಗಲಿಲ್ಲ. ಅವನು ಜಾಣ. ಇದರಿಂದ ಏನು ಸಾಬೀತಾಯಿತು ಎಂದು ಕೇಳಿದ. ಸಿದ್ದಗಂಗಯ್ಯ ಮೊದಲು ಗೋಮಾಳದಲ್ಲಿ ಕಲ್ಲು ನೆಟ್ಟರು, ಆಮೇಲೆ ದುರಾಸೆ ಹುಟ್ಟಿ ಅವರೇ ಕಿತ್ತು ತೋಟದಲ್ಲಿ ನೆಟ್ಟರು. ಕಂಪನಿ ಹೇಳುವುದಕ್ಕಿಂತ ದೊಡ್ಡ ಅಪರಾಧವನ್ನೇ ಮೇಡಂ ಹುಡುಕಿಕೊಟ್ಟ ಹಾಗಾಯಿತು ಎಂದ.

“ತೋಟದ ಕಲ್ಲಿನ ಕೆಳಗೂ ನೋಡೋಣ,” ಎಂದಳು ಸಂಧ್ಯಾ.

“ಅಲ್ಲಿ ಇದ್ಲು ಇಲ್ದೆ ಹೋದ್ರೆ ಅವ್ರು ನೆಟ್ಟಿಲ್ಲ ಅಂತೀರಾ? ಕಳ್ಳತನಕ್ಕೆ ಹೋದವನು ಶಾಸ್ತ್ರ ಮಾಡ್ಕೊಂಡು ಕೂರ್ತಾನಾ ಮೇಡಂ?”

ಕೋರ್ಟಿನಲ್ಲಿ ಸರ್ಕಾರಿ ವಕೀಲರೂ ಇದನ್ನೇ ಕೇಳುತ್ತಾರೆಂದು ಅವಳಿಗೆ ಗೊತ್ತಿತ್ತು. ಆದರೂ ತೋಟದ ಕಡೆ ನಡೆದಳು.

ಬೇಲಿ ದಾಟುವಾಗ ಅವಳು ಎರಡು ಸಂಗತಿಗಳನ್ನು ಮತ್ತೆ ಪಕ್ಕಪಕ್ಕ ಇಟ್ಟು ನೋಡಿದಳು.

ಅಪ್ಪಾಜಿ ಈ ತೋಟ ಕೊಂಡದ್ದು ಹೋದ ಡಿಸೆಂಬರ್‌ನಲ್ಲಿ. ರಸ್ತೆ ಯಾವ ಊರುಗಳ ಮೇಲೆ ಹೋಗುತ್ತದೆಂಬ ಪ್ರಕಟಣೆ ಹೊರಬಿದ್ದದ್ದು ಜನವರಿಯಲ್ಲಿ. ಅವನಿಗೆ ಪರಿಹಾರದ ಆಸೆ. ಅದು ಚಿಕ್ಕ ಆಸೆ.

ಕಂಪನಿಯದು ದೊಡ್ಡದು. ರಸ್ತೆ ಸರ್ಕಾರದ ಆಸ್ತಿ, ಅದನ್ನು ಅಡವಿಡಲು ಬರುವುದಿಲ್ಲ. ಸಾಲ ಮುಳುಗಿದರೆ ರಸ್ತೆಯನ್ನು ಯಾವ ಬ್ಯಾಂಕೂ ಹರಾಜು ಹಾಕಲಾರದು. ಸಾಲ ಕೊಡುವವರಿಗೆ ಇರುವ ಭದ್ರತೆ ಸರ್ಕಾರದ ಜೊತೆ ಆದ ಕರಾರು ಒಂದೇ. ಆ ಕರಾರಿನಲ್ಲಿ ಒಂದು ಷರತ್ತಿತ್ತು: ನೂರಕ್ಕೆ ಎಂಬತ್ತು ಪಾಲು ಜಮೀನು ಕೈಗೆ ಬರುವ ತನಕ ಕೆಲಸ ಆರಂಭದ ದಿನ ಗೊತ್ತುಮಾಡುವಂತಿಲ್ಲ, ಅಲ್ಲಿಯ ತನಕ ಸಾಲದ ಮೊದಲ ಕಂತೂ ಇಲ್ಲ. ಗೋಮಾಳವನ್ನು ರಸ್ತೆಗೆ ಬಿಡಿಸಿಕೊಳ್ಳುವ ಕಡತ ಕಂದಾಯ ಇಲಾಖೆಯಲ್ಲಿ ಮಲಗಿತ್ತು. ಖಾಸಗಿ ತೋಟವಾದರೆ ಮಾಲೀಕನ ಒಪ್ಪಿಗೆ ಪತ್ರ ಒಂದೇ ದಿನದ ಕೆಲಸ. ಗೆರೆ ಗೋಮಾಳದಲ್ಲಿದ್ದರೆ ಜಮೀನು ಎಪ್ಪತ್ತೆಂಟು ಪಾಲು. ತೋಟದಲ್ಲಿದ್ದರೆ ಎಂಬತ್ತೊಂದು.

ಇವತ್ತು ಸಂಜೆ ನಾಲ್ಕಕ್ಕೆ ಬ್ಯಾಂಕುಗಳಿಗೆ ಅವಳು ಕೊನೆಯ ವರದಿ ಕೊಡಬೇಕಿತ್ತು. ಅದಕ್ಕೆ ಬೇಕಾದ ಸಾಲನ್ನು ಪ್ರದ್ಯುಮ್ನ ನಿನ್ನೆಯೇ ಬರೆದು ಕಳಿಸಿದ್ದ: ‘ಲೋಪವು ಸರ್ವೇಯರ್ ಸಿದ್ದಗಂಗಯ್ಯನವರ ವೈಯಕ್ತಿಕ ಅಪರಾಧ. ಜಮೀನಿನ ಸ್ವಾಧೀನಕ್ಕೆ ಅದರಿಂದ ಬಾಧಕವಿಲ್ಲ.’ ಅದರ ಕೆಳಗೆ ಅವಳು ಸಹಿ ಹಾಕಿದರೆ ಅವರ ಕಥೆ ಮುಗಿದ ಹಾಗೆ.

ತೋಟದ ಕಲ್ಲಿಗೆ ಹಾರೆ ಹಾಕಿದ ಕೂಡಲೇ ಟಣ್ಣೆಂದಿತು.

“ಗಾರೆ,” ಎಂದ ಚಿಕ್ಕಹನುಮಯ್ಯ. ಬೆನ್ನು ನೆಟ್ಟಗೆ ಮಾಡಿ ಬೆವರು ಒರೆಸಿಕೊಂಡ. “ಬಾಂದು ಕಲ್ಲಿಗೆ ಯಾವನ್ಲಾ ಗಾರೆ ಹಾಕ್ದೋನು? ರೋಡು ಕಟ್ಟೋರ ಬುದ್ಧಿ ಇದು. ಕಂಬ ಆಗ್ಲಿ, ಕಲ್ಲಾಗ್ಲಿ, ತಳಕ್ಕೆ ಕಾಂಕ್ರೀಟು ಸುರೀದಿದ್ರೆ ಅವ್ರಿಗೆ ನಿದ್ದೆ ಬರಲ್ಲ.”

ಅಪ್ಪಾಜಿ ಎಳನೀರಿನ ಬುರುಡೆ ಎಸೆದು ಪ್ರದ್ಯುಮ್ನನ ಮುಖ ನೋಡಿದ. ಪ್ರದ್ಯುಮ್ನ ಅವನ ಮುಖ ನೋಡಲಿಲ್ಲ.

ಸುತ್ತ ಅಗೆದು, ಕಲ್ಲನ್ನು ಗಾರೆಯ ಮುದ್ದೆಯ ಸಮೇತ ಪಕ್ಕಕ್ಕೆ ಉರುಳಿಸಲು ಮುಕ್ಕಾಲು ಗಂಟೆ ಹಿಡಿಯಿತು. ಕೆಳಗೆ ಇದ್ದಿಲಿರಲಿಲ್ಲ. ಗಾರೆಯ ತಳಕ್ಕೆ ಅಂಟಿಕೊಂಡು ಒಂದು ಖಾಲಿ ಸಿಮೆಂಟ್ ಚೀಲವಿತ್ತು.

ಕಾಂಕ್ರೀಟ್ ಕೆಲಸದವರ ಚಾಳಿ ಅದು. ಚೀಲ ಖಾಲಿಯಾದರೆ ಅದನ್ನು ಮಡಿಸಿಟ್ಟುಕೊಳ್ಳುವ ತಾಪತ್ರಯವೇಕೆಂದು ಗುಂಡಿಯ ತಳಕ್ಕೆ ಹಾಸಿ ಅದರ ಮೇಲೆಯೇ ಸುರಿಯುತ್ತಾರೆ. ಪ್ಲಾಸ್ಟಿಕ್ ನೂಲಿನ ಚೀಲ, ಮಣ್ಣಿನಲ್ಲಿ ಹತ್ತು ವರ್ಷ ಬಿದ್ದಿದ್ದರೂ ಕೆಡುವುದಿಲ್ಲ.

ಸಂಧ್ಯಾ ಮಂಡಿಯೂರಿ ಕುಳಿತಳು. ನೀರಿನ ಬಾಟಲಿ ತೆರೆದು ಚೀಲದ ಅಂಚಿಗೆ ಸುರಿದು ಹೆಬ್ಬೆರಳಿನಿಂದ ಉಜ್ಜಿದಳು. ಸಿಮೆಂಟ್ ತಯಾರಾದ ವಾರ ಮತ್ತು ವರ್ಷವನ್ನು ಪ್ರತಿ ಚೀಲದ ಮೇಲೂ ಮುದ್ರಿಸಬೇಕೆಂಬುದು ಕಾನೂನು. ಒಂದೊಂದೇ ಅಂಕಿ ಮೇಲೆ ಬಂತು.

“ಓದಿ ರಮ್ಯಶ್ರೀ,” ಎಂದಳು. “ನಾನು ಓದಿದ್ರೆ ನಾಳೆ ಬೇರೆ ಮಾತು ಬರುತ್ತೆ.”

ರಮ್ಯಶ್ರೀ ಬಗ್ಗಿ ಓದಿದಳು. “ವಾರ ಇಪ್ಪತ್ತೊಂದು. ವರ್ಷ ಇದೇ ವರ್ಷ.”

ವರ್ಷದ ಇಪ್ಪತ್ತೊಂದನೇ ವಾರ ಎಂದರೆ ಮೇ ತಿಂಗಳು ಇಪ್ಪತ್ತು ದಾಟುವ ಹೊತ್ತು. ಮೇ ತಿಂಗಳಲ್ಲಿ ತಯಾರಾದ ಸಿಮೆಂಟಿನಲ್ಲಿ ಮಾರ್ಚ್‌ನಲ್ಲಿ ಯಾರೂ ಕಲ್ಲು ನೆಡಲಾರರು. ಮೇ ಎರಡರಂದು ಸಿದ್ದಗಂಗಯ್ಯ ಕೋರದ ಬಳಿ ಹೆದ್ದಾರಿಯಲ್ಲಿ ಸ್ಕೂಟರಿನಿಂದ ಬಿದ್ದು ಎಡಗಾಲು ಮುರಿದುಕೊಂಡಿದ್ದರು. ಜೂನ್ ಕೊನೆಯ ತನಕ ಸೊಂಟದವರೆಗೆ ಪ್ಲಾಸ್ಟರ್. ಆಸ್ಪತ್ರೆಯ ಕಾಗದ ಅವಳ ಫೈಲಿನಲ್ಲೇ ಇತ್ತು. ಇಷ್ಟು ದಿನ ಅದು ಯಾವುದಕ್ಕೂ ಬಾರದ ಕಾಗದವಾಗಿತ್ತು.

ಪ್ರದ್ಯುಮ್ನ ಅವಳನ್ನು ಸ್ವಲ್ಪ ದೂರ, ತೆಂಗಿನ ಸಾಲಿನ ನೆರಳಿಗೆ ಕರೆದ. ದನಿ ತಗ್ಗಿಸಿದ. ಹಿರೇಹಳ್ಳಿಯ ಶೆಡ್ಡುಗಳಲ್ಲಿ ಆರುನೂರು ಜನ ಕೆಲಸಗಾರರು ಕಾದು ಕುಳಿತಿದ್ದಾರೆ ಎಂದ. ಈ ರಸ್ತೆಗಾಗಿ ಜನ ಎಷ್ಟೋ ವರ್ಷದಿಂದ ಅರ್ಜಿ ಹಿಡಿದು ಓಡಾಡಿದ್ದಾರೆ. ಆರಂಭದ ದಿನ ತಪ್ಪಿದರೆ ಕಂಪನಿ ಸರ್ಕಾರದಿಂದ ನಷ್ಟ ಕೇಳುತ್ತದೆ, ಸರ್ಕಾರ ಕಂಪನಿಯಿಂದ ದಂಡ ಕೇಳುತ್ತದೆ, ಇಬ್ಬರೂ ಹತ್ತು ವರ್ಷ ಪಂಚಾಯ್ತಿ ಮಾಡಿಕೊಂಡು ಕೂರುತ್ತಾರೆ, ರಸ್ತೆ ಮಾತ್ರ ಆಗುವುದಿಲ್ಲ. ಅವನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಅದಕ್ಕೇ ಅವಳು ಪೂರ್ತಿ ಕೇಳಿಸಿಕೊಂಡಳು.

ಕೊನೆಗೆ ಅವನು ನಿಜವಾದ ಮಾತಿಗೆ ಬಂದ.

“ಮಾರ್ಚ್‌ನಲ್ಲಿ ಕಲ್ಲು ನೋಡಿದೀನಿ ಅಂತ ಬರೆದವರು ನೀವು. ಇವತ್ತು ಕಲ್ಲು ಇರಲೇ ಇಲ್ಲ ಅಂದ್ರೆ ಸುಳ್ಳು ಸರ್ಟಿಫಿಕೇಟ್ ಕೊಟ್ಟಿದ್ದು ಯಾರು? ಬಾರ್ ಕೌನ್ಸಿಲ್‌ಗೆ ಒಂದು ಕಾಗದ ಹೋದ್ರೆ ಸಾಕು. ನಿಮ್ಮ ಸೀನಿಯರ್ ಉಳ್ಕೋತಾರೆ. ನೀವು ಉಳಿಯಲ್ಲ.”

“ಗೊತ್ತು.”

“ಮತ್ತೆ?”

“ಸ್ಥಳ ನೋಡದೆ ಬರೆದೆ ಅಂತ ನಾನೇ ಬರೀತೀನಿ. ವರದಿಯ ಮೊದಲನೇ ಸಾಲೇ ಅದು. ನೀವು ಸ್ಟ್ಯಾಂಪಿನ ಖರ್ಚು ಮಾಡ್ಬೇಡಿ.”

ಅವನು ಒಂದು ಕ್ಷಣ ಅವಳನ್ನೇ ನೋಡಿದ. ಕೋಪದಲ್ಲಲ್ಲ. ತೂಗಿ ನೋಡುವವನ ಹಾಗೆ.

“ಈ ಕಲ್ಲು ಕಂಪನಿ ಹಾಕ್ಸಿಲ್ಲ ಮೇಡಂ. ನಂಬೋದು ಬಿಡೋದು ನಿಮಗೆ ಸೇರಿದ್ದು. ನನಗೆ ಎಂಬತ್ತೊಂದು ಅಂತ ಕಾಗದ ಬಂತು, ನಾನು ತಗೊಂಡೆ. ಯಾಕೆ ಅಂತ ಕೇಳ್ಲಿಲ್ಲ. ಅಷ್ಟೇ ನನ್ನ ತಪ್ಪು.”

“ಕಾಗದ ಯಾರು ತಂದ್ರು?”

ಅವನು ತೋಟದ ಬೇಲಿಯತ್ತ ತಿರುಗಿದ. ಅಪ್ಪಾಜಿ ಅಲ್ಲಿರಲಿಲ್ಲ. ಯಾರಿಗೂ ಹೇಳದೆ ಹೋಗಿಬಿಟ್ಟಿದ್ದ. ಪ್ರದ್ಯುಮ್ನ ಕಾರಿನ ಕಡೆ ನಡೆದ.

ಬೆಳಿಗ್ಗೆಯಿಂದ ನಿಂತು ನೋಡಿದ್ದ ಊರಿನ ಇಬ್ಬರು ಪಂಚರೂ ಸೇರಿ ಮಹಜರಿಗೆ ಐದು ಜನ ಸಹಿ ಹಾಕಿದರು. ಚಿಕ್ಕಹನುಮಯ್ಯ ನಿಧಾನವಾಗಿ, ಅಕ್ಷರ ಅಕ್ಷರ ಕೂಡಿಸಿ ಹೆಸರು ಬರೆದ. ಚೀಲವನ್ನು ಬಟ್ಟೆಯಲ್ಲಿ ಸುತ್ತಿ ಅರಗಿನ ಮುದ್ರೆ ಒತ್ತಿ ರಮ್ಯಶ್ರೀ ತನ್ನ ಜೀಪಿಗೆ ಹಾಕಿಕೊಂಡಳು.

ತುಮಕೂರಿಗೆ ಹೋಗುವ ದಾರಿಯಲ್ಲಿ ಸೀನಿಯರ್ ವೆಂಕಟೇಶಯ್ಯ ಫೋನ್ ಮಾಡಿದರು. ಪ್ರದ್ಯುಮ್ನ ಆಗಲೇ ಸುದ್ದಿ ಮುಟ್ಟಿಸಿದ್ದ. ಮೂವತ್ತೈದು ವರ್ಷ ವಕಾಲತ್ತು ಮಾಡಿದವರು, ಕೂಗಾಡುವ ಪೈಕಿ ಅಲ್ಲ. ಮಾರ್ಚ್‌ನ ವರದಿಯ ಮೇಲೆ ತಮ್ಮ ಸಹಿಯೂ ಇದೆ ಎಂಬುದನ್ನು ನೆನಪಿಸಿದರು. ಮದ್ರಾಸಿನ ಬ್ಯಾಂಕಾಗಲಿ ಬೊಂಬಾಯಿಯ ಬ್ಯಾಂಕಾಗಲಿ, ಮತ್ತೆ ಈ ಆಫೀಸಿಗೆ ಒಂದು ಫೈಲನ್ನೂ ಕಳಿಸುವುದಿಲ್ಲ ಎಂದರು.

“ಆ ಸಾಲು ಎಲ್ಲರೂ ಬರೀತಾರೆ ಸಂಧ್ಯಾ.”

“ಅದಕ್ಕೇ ಸರ್ ಅವರು ಒಳಗಿರೋದು.”

ಕಳಿಸುವ ಮುಂಚೆ ತಮಗೊಮ್ಮೆ ತೋರಿಸು ಎಂದು ಹೇಳಿ ಅವರು ಫೋನ್ ಇಟ್ಟರು.

ಅವಳು ತೋರಿಸಲಿಲ್ಲ. ಎರಡೂವರೆಗೆ ಕೋರ್ಟಿನ ಆವರಣದಲ್ಲಿ ಬೆರಳಚ್ಚಿನ ಅಂಗಡಿಯ ಬೆಂಚಿನ ಮೇಲೆ ಕುಳಿತು ವರದಿ ಮುಗಿಸಿದಳು. ಮಾರ್ಚ್‌ನಲ್ಲಿ ಸ್ಥಳ ನೋಡದೆ ಪ್ರಮಾಣೀಕರಿಸಿದ್ದೇನೆ. ಅಗೆದು ನೋಡಿದ ತೋಟದ ಕಲ್ಲು ಮೇ ಇಪ್ಪತ್ತರ ನಂತರದ್ದು. ಒಪ್ಪಿಗೆಯಾದ ಗೆರೆ ಗೋಮಾಳದ ಮೇಲಿದೆ. ಕೈಯಲ್ಲಿರುವ ಜಮೀನು ಎಂಬತ್ತು ಪಾಲು ಮುಟ್ಟಿಲ್ಲ. ಸಾಲ ಬಿಡುಗಡೆ ಮಾಡಬಾರದು. ಬೆಳ್ಳಾವಿಯಲ್ಲಿ ರಾಗಿ ಹೊಲ ಉಳುವ ಅಪ್ಪನಿಗೆ ಇದನ್ನು ಹೇಗೆ ಹೇಳುವುದೆಂದು ಯೋಚಿಸಿದಳು. ಹೇಳಿದರೆ ಅರ್ಥವಾಗುತ್ತದೆ, ಆದರೆ ಫೀಸು ಕಟ್ಟಿದ ವರ್ಷಗಳ ಮಾತೂ ಬರುತ್ತದೆ. ಸಹಿ ಹಾಕಿದಳು. ಬ್ಯಾಂಕುಗಳಿಗೆ ಕಳಿಸಿದಳು. ಮಹಜರಿನ ಪ್ರತಿಯನ್ನು ಸಿದ್ದಗಂಗಯ್ಯನವರ ವಕೀಲರ ಕೈಗೆ ಕೊಟ್ಟಳು.

ಕೋರ್ಟ್ ಹಾಲಿನ ಹಿಂದಿನ ಬೆಂಚಿನಲ್ಲಿ ಸಿದ್ದಗಂಗಯ್ಯನವರ ಹೆಂಡತಿ ಸರ್ವಮಂಗಳಮ್ಮ ಕುಳಿತಿದ್ದರು. ಸಂಧ್ಯಾ ಪಕ್ಕದಲ್ಲಿ ಕುಳಿತು, ಚೀಲ ಸಿಕ್ಕಿದೆ, ಯಜಮಾನರು ನಾಳೆಯೇ ಮನೆಗೆ ಬರಬಹುದು ಎಂದು ಪಿಸುಗುಟ್ಟಿದಳು. ಆಕೆ ತಲೆಯಾಡಿಸಿದರು. ಏನೂ ಕೇಳಲಿಲ್ಲ.

ಗೋಡೆಯ ಪರದೆಯ ಮೇಲೆ ಜೈಲಿನಿಂದ ಸಿದ್ದಗಂಗಯ್ಯನವರ ಮುಖ ಮೂಡಿತು. ಹನ್ನೆರಡು ದಿನದ ಬಿಳಿ ಗಡ್ಡ. ಊರುಗೋಲು ಗೋಡೆಗೆ ಒರಗಿತ್ತು.

ಅವರ ವಕೀಲರು ಮಹಜರನ್ನು ಓದಿದರು. ಇದ್ದಿಲು, ಗಾರೆ, ಚೀಲ, ವಾರ ಇಪ್ಪತ್ತೊಂದು, ಆಸ್ಪತ್ರೆಯ ಕಾಗದ. ಸರ್ಕಾರಿ ವಕೀಲರು ಎದ್ದು ನಿಂತವರು ಪೊಲೀಸ್ ಅಧಿಕಾರಿಯ ಕಡೆ ತಿರುಗಿದರು. ನ್ಯಾಯಾಧೀಶರು ಕನ್ನಡಕ ತೆಗೆದು, ಪರದೆಯತ್ತ ನೋಡಿ, ನೀವೇನಾದರೂ ಹೇಳುವುದಿದೆಯೇ ಎಂದು ಕೇಳಿದರು. ಬರೀ ಪದ್ಧತಿಯ ಪ್ರಶ್ನೆ ಅದು.

“ಇದೆ ಸ್ವಾಮಿ,” ಎಂದರು ಸಿದ್ದಗಂಗಯ್ಯ. “ಆ ಕಲ್ಲು ನೆಟ್ಟಿದ್ದು ನಾನೇ. ಮೇ ತಿಂಗಳಲ್ಲೇ ನೆಟ್ಟೆ. ನನಗೆ ಜಾಮೀನು ಬೇಡ.”

ಕಾಲಿಗೆ ಪ್ಲಾಸ್ಟರ್ ಇದ್ದಾಗ ಹೇಗೆ ನೆಟ್ಟಿರಿ ಎಂದು ನ್ಯಾಯಾಧೀಶರು ಕೇಳಿದರು. ಅರ್ಜಿ ವಾಪಸು ತೆಗೆದುಕೊಳ್ಳುತ್ತೇನೆ ಎಂದಷ್ಟೇ ಹೇಳಿ ಸಿದ್ದಗಂಗಯ್ಯ ಕೈಮುಗಿದರು.

ಸಂಧ್ಯಾ ಪಕ್ಕಕ್ಕೆ ತಿರುಗಿದಳು. ಇಡೀ ಹಾಲಿನಲ್ಲಿ ಬೆಚ್ಚಿಬೀಳದವರು ಒಬ್ಬರೇ. ಸರ್ವಮಂಗಳಮ್ಮ ಆಗಲೇ ಎದ್ದು ಸೆರಗು ಸರಿಮಾಡಿಕೊಳ್ಳುತ್ತಿದ್ದರು.

“ನಿಮಗೆ ಗೊತ್ತಿತ್ತಾ ಅಮ್ಮ?”

“ನೀವು ಅಗೀಬಾರ್ದಿತ್ತು ಕಣಮ್ಮ,” ಎಂದರು ಸರ್ವಮಂಗಳಮ್ಮ, ಅವಳ ಮುಖ ನೋಡದೆ. “ಸಿಮೆಂಟು ತಂದೋರು ಯಾರು ಅಂತ ಇನ್ಮೇಲೆ ಎಲ್ರೂ ಕೇಳ್ಕೊಂಡು ನಮ್ಮನೆ ಬಾಗಿಲಿಗೇ ಬರ್ತಾರೆ.”